ಹೊಲವೇ ಪಾಠಶಾಲೆ, ಕುದುರೆಯೇ ಗುರು



ಬೇಸಾಯವನ್ನು ಶಾಲೆಯಲ್ಲಿ ಕಲಿಸಬಹುದೇ ಎಂಬ ಪ್ರಶ್ನೆ ನನ್ನನ್ನು ವೃತ್ತಿಜೀವನದುದ್ದಕ್ಕೂ ಕಾಡಿದೆ. ಈ ಪ್ರಶ್ನೆಗೆ ಅಮೆರಿಕದ ಹಳ್ಳಿಗಳ ಉಪಾಧ್ಯಾಯರು ಕಂಡುಕೊಂಡ ಉತ್ತರವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

1902ರ ಜನವರಿ 15ರಂದು ಓಹಾಯೋ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಮೇಲ್ವಿಚಾರಕರು ಸುಮಾರು 85 ಬಾಲಕ ಬಾಲಕಿಯರನ್ನು ನ್ಯಾಯಾಲಯದ ಕಟ್ಟಡದ ನೆಲಮಾಳಿಗೆಯಲ್ಲಿ ಕೂಡಿಸಿದರು. ಆ ಮಕ್ಕಳು ಬಿತ್ತನೆಬೀಜ ಆರಿಸಿ ಮೆಕ್ಕೆಜೋಳ ಬೆಳೆದರು. ಲಿಟ್ಮಸ್ ಕಾಗದದಿಂದ ಮಣ್ಣಿನ ಗುಣವನ್ನು ಪರೀಕ್ಷಿಸಿದರು. 1910ರಲ್ಲಿ ದಕ್ಷಿಣ ಕೆರೊಲಿನಾದ ಶಿಕ್ಷಕಿ ಮೇರಿ ಕ್ರೋಮರ್ ಹೆಣ್ಣುಮಕ್ಕಳಿಗಾಗಿ ಟೊಮ್ಯಾಟೊ ಸಂಘ ಕಟ್ಟಿದರು. ಒಬ್ಬೊಬ್ಬ ಹುಡುಗಿಗೂ ಎಕರೆಯ ಹತ್ತನೆಯ ಒಂದು ಭಾಗ ನೆಲ. ಬೆಳೆಯುವುದೂ ಡಬ್ಬಿಗಳಲ್ಲಿ ಕೆಡದಂತೆ ಕಾಪಿಡುವುದೂ ಅವಳದೇ ಹೊಣೆ.

ಇದರ ಹಿಂದೆ ಒಂದು ಜಾಣತನವಿತ್ತು. ಅಧಿಕಾರಿಗಳು ಹೇಳಿದ ಹೊಸ ವಿಧಾನವನ್ನು ನಂಬದ ರೈತ, ತನ್ನ ಮಗನ ಪಾತಿಯ ಬೆಳೆಯನ್ನು ಕಣ್ಣಾರೆ ಕಂಡಾಗ ನಂಬುತ್ತಿದ್ದನು. 1914ರ ಸ್ಮಿತ್–ಲಿವರ್ ಕಾಯಿದೆಯ ಮೂಲಕ ಸರ್ಕಾರದ ಹಣವೂ ಕೃಷಿ ಕಾಲೇಜುಗಳ ನೆರವೂ ಈ ಸಂಘಗಳಿಗೆ ದೊರೆತವು. ತಲೆ, ಹೃದಯ, ಕೈ, ಆರೋಗ್ಯ ಎಂಬ ನಾಲ್ಕರ ಇಂಗ್ಲಿಷ್ ಮೊದಲಕ್ಷರದಿಂದ ‘ಫೋರ್-ಎಚ್’ ಎಂಬ ಹೆಸರು ಬಂದಿತು. ನಿಮ್ಮಲ್ಲಿ ಕೆಲವರು ಓದಿದ, 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವೂ ಅಮೆರಿಕದ ಅಂಥ ಕಾಲೇಜುಗಳ ಮಾದರಿಯನ್ನೇ ಅನುಸರಿಸಿತೆಂಬುದನ್ನು ಇಲ್ಲಿ ನೆನೆಯಬಹುದು.

ಆದರೆ ಈ ಇತಿಹಾಸಕ್ಕೊಂದು ಕಪ್ಪು ಮಗ್ಗುಲಿದೆ. ದಕ್ಷಿಣದ ರಾಜ್ಯಗಳಲ್ಲಿ ಕರಿಯ ಮಕ್ಕಳ ಸಂಘಗಳೂ ಶಿಬಿರಗಳೂ ಬೇರೆಯಾಗಿದ್ದವು. ಟಸ್ಕೆಗೀ ವಿದ್ಯಾಸಂಸ್ಥೆಯ ಥಾಮಸ್ ಕ್ಯಾಂಪ್‌ಬೆಲ್ 1906ರಿಂದ ಹೇಸರಗತ್ತೆಗಳು ಎಳೆಯುವ ಬಂಡಿಯಲ್ಲಿ ಉಪಕರಣಗಳನ್ನು ಹೇರಿಕೊಂಡು ಬಡ ಕರಿಯ ರೈತರ ಹೊಲಗಳಿಗೆ ಹೋಗಿ ಕಲಿಸಿದರು. ಬಣ್ಣದ ಭೇದಕ್ಕೆ ಕಾನೂನಿನ ತಡೆ ಬಿದ್ದುದು 1964ರ ನಾಗರಿಕ ಹಕ್ಕುಗಳ ಕಾಯಿದೆಯಿಂದ. ಮಣ್ಣಿನ ಪಾಠ ಒಂದೇ, ಕುಳಿತುಕೊಳ್ಳುವ ಹಲಗೆ ಮಾತ್ರ ಬೇರೆ. ನಮ್ಮ ಹಳ್ಳಿಶಾಲೆಗಳ ಚರಿತ್ರೆಯನ್ನು ಬಲ್ಲವರಿಗೆ ಇದು ಅಪರಿಚಿತ ಕಥೆಯಲ್ಲ.

ಇನ್ನು ಕುದುರೆಯ ವಿಷಯ. 1915ರ ಸುಮಾರಿಗೆ ಅಮೆರಿಕದಲ್ಲಿ 2 ಕೋಟಿಗೂ ಹೆಚ್ಚು ಕುದುರೆಗಳಿದ್ದವು. ಟ್ರಾಕ್ಟರು ಬಂದ ಮೇಲೆ, 1960ರ ವೇಳೆಗೆ ಉಳಿದವು ಸುಮಾರು 30 ಲಕ್ಷ. ವಿಚಿತ್ರವೆಂದರೆ, ನೇಗಿಲಿನಿಂದ ಬಿಡುಗಡೆ ಹೊಂದಿದ ಕುದುರೆ ಮಕ್ಕಳ ಶಿಕ್ಷಣದೊಳಗೆ ನೆಲೆಯೂರಿತು. ಫೋರ್-ಎಚ್ ಸಂಘಗಳಲ್ಲಿ ಸವಾರಿಯಷ್ಟೇ ಕಲಿಸುವುದಿಲ್ಲ. ಲಾಯ ಗುಡಿಸುವುದು, ಮೈ ಉಜ್ಜುವುದು, ಗೊರಸು ಕೆರೆದು ಶುಚಿಗೊಳಿಸುವುದು, ಮೇವಿನ ಖರ್ಚನ್ನು ಪುಸ್ತಕದಲ್ಲಿ ಬರೆದಿಡುವುದು ಎಲ್ಲವೂ ಪಾಠವೇ. ಸ್ಪರ್ಧೆಯಲ್ಲಿ ನಾಲ್ಕು ಕುದುರೆಗಳನ್ನು ಪರೀಕ್ಷಿಸಿ, ಯಾವುದು ಮೊದಲು, ಯಾವುದು ಕೊನೆ ಎಂದು ನಿರ್ಧರಿಸಿ, ಅದಕ್ಕೆ ಕಾರಣಗಳನ್ನು ತೀರ್ಪುಗಾರರೆದುರು ಬಾಯಿಮಾತಿನಲ್ಲಿ ಹೇಳಬೇಕು. ಕುದುರೆ ಸಾಕುವ ಶಕ್ತಿಯಿಲ್ಲದ ಮನೆಯ ಮಕ್ಕಳಿಗಾಗಿ ‘ಕುದುರೆಯಿಲ್ಲದ ಕುದುರೆ’ ಎಂಬ ಪಾಠಕ್ರಮವೂ ಉಂಟು. ಬಡತನ ಕಲಿಕೆಗೆ ಅಡ್ಡಿಯಾಗಬಾರದೆಂಬ ಈ ಕಾಳಜಿ ನನಗೆ ಬಹಳ ಮೆಚ್ಚಿಗೆಯಾಯಿತು.

ಕುದುರೆಗೆ ವಾಂತಿ ಮಾಡುವ ಶಕ್ತಿಯಿಲ್ಲ. ಬೂಸಲು ಹಿಡಿದ ಹುಲ್ಲು ಹಾಕಿದರೆ, ನೀರು ಮರೆತರೆ, ಹೊಟ್ಟೆಶೂಲೆಯಿಂದ ಅದು ಸಾಯಲೂಬಹುದು. ನಮ್ಮ ಪರೀಕ್ಷೆಗಳಲ್ಲಿ ತಪ್ಪು ಬರೆದರೆ ಅಂಕ ಹೋಗುತ್ತದೆ, ಅಷ್ಟೆ. ಇಲ್ಲಿ ಮಗುವಿನ ಅಲಕ್ಷ್ಯಕ್ಕೆ ಬೇರೊಂದು ಜೀವ ಬೆಲೆ ತೆರುತ್ತದೆ. ಪುಸ್ತಕ ಕಲಿಸಲಾರದ ಹೊಣೆಗಾರಿಕೆಯೆಂದರೆ ಇದೇ.

ನಿಮ್ಮ ಮನೆಗಳಲ್ಲಿ ಕುದುರೆ ಇರಲಾರದು. ಹಿತ್ತಿಲಲ್ಲಿ ಕರುವೋ, ಮಹಡಿಯ ಕುಂಡದಲ್ಲಿ ಟೊಮ್ಯಾಟೊ ಗಿಡವೋ ಇದ್ದೀತು. ಅದನ್ನು ಮಗುವಿಗೆ ಒಪ್ಪಿಸಿ, ಜೊತೆಗೊಂದು ಲೆಕ್ಕದ ಪುಸ್ತಕ ಕೊಡಿ. ಪರೀಕ್ಷೆಯ ದಿನವೂ ನೀರು ಹಾಕುವುದು ಅದರ ಕೆಲಸವೇ ಆಗಿರಲಿ.

ಇತಿ, ನಿಮ್ಮ ಮೇಷ್ಟರು