ಮ್ಯಾಂಗನೀಸಿನ ಉತ್ಕರ್ಷಣ ಸ್ಥಿತಿಗಳು: ಲೆಕ್ಕದ ಸಂಖ್ಯೆಯೂ ನಿಜವಾದ ವಿದ್ಯುದಂಶವೂ

ಸಂಕ್ರಮಣ ಲೋಹಗಳ ಮೊದಲ ಸಾಲಿನಲ್ಲಿ ಗರಿಷ್ಠ ಉತ್ಕರ್ಷಣ ಸ್ಥಿತಿ ಒಂದೊಂದೇ ಮೆಟ್ಟಿಲು ಏರುತ್ತದೆ: ಸ್ಕ್ಯಾಂಡಿಯಂ +3, ಟೈಟೇನಿಯಂ +4, ವನೇಡಿಯಂ +5, ಕ್ರೋಮಿಯಂ +6, ಮ್ಯಾಂಗನೀಸ್ +7. ಏರಿಕೆ ಅಲ್ಲಿಗೆ ನಿಲ್ಲುತ್ತದೆ. ಹೊರಗೆ ಎಂಟು ಎಲೆಕ್ಟ್ರಾನುಗಳಿರುವ ಕಬ್ಬಿಣ ಫೆರೇಟಿನಲ್ಲಿ ಮುಟ್ಟುವುದು +6 ಮಾತ್ರ. ನ್ಯೂಕ್ಲಿಯಸ್ಸಿನ ಸೆಳೆತ ಹೆಚ್ಚಿದಂತೆ 3ಡಿ ಎಲೆಕ್ಟ್ರಾನುಗಳು ಬಂಧಕ್ಕೆ ಸಿಗದಷ್ಟು ಒಳಸರಿಯುತ್ತವೆ. ಕೆಳಗಿನ ಸಾಲುಗಳಲ್ಲಿ ಈ ಕಟ್ಟು ಸಡಿಲ: ರುಥೇನಿಯಂ, ಆಸ್ಮಿಯಂಗಳಿಗೆ +8 ಸಾಧ್ಯ, ಇರಿಡಿಯಂನ +9 ಸ್ಥಿತಿ 2014ರಲ್ಲಿ ಅನಿಲರೂಪದ ಅಯಾನಿನಲ್ಲಿ ದೃಢಪಟ್ಟಿತು.

ಸಂಡೂರಿನ ಅದಿರಿನಲ್ಲಿರುವ ಪೈರೋಲುಸೈಟಿನಲ್ಲಿ ಮ್ಯಾಂಗನೀಸಿನದು +4. ಪೊಟ್ಯಾಸಿಯಂ ಪರ್ಮ್ಯಾಂಗನೇಟಿನಲ್ಲಿ +7. ಈ +7 ಎಲ್ಲಿಗೆ ಇಳಿಯುತ್ತದೆಂಬುದನ್ನು ದ್ರಾವಣದ ಆಮ್ಲೀಯತೆ ನಿರ್ಧರಿಸುತ್ತದೆ. ಆಮ್ಲದಲ್ಲಿ ಐದು ಎಲೆಕ್ಟ್ರಾನು ಪಡೆದು ಬಹುತೇಕ ಬಣ್ಣವಿಲ್ಲದ +2 ಆಗುತ್ತದೆ. ತಟಸ್ಥ ದ್ರಾವಣದಲ್ಲಿ ಮೂರು ಪಡೆದು ಕಂದು ಡೈಆಕ್ಸೈಡ್. ಪ್ರಬಲ ಕ್ಷಾರದಲ್ಲಿ ಒಂದನ್ನೇ ಪಡೆದು ಹಸಿರು ಮ್ಯಾಂಗನೇಟ್. ಪಿಯು ಪ್ರಯೋಗಾಲಯದಲ್ಲಿ ಆಕ್ಸಾಲಿಕ್ ಆಮ್ಲದ ಟೈಟ್ರೇಷನ್ ನಡುವೆ ಫ್ಲಾಸ್ಕಿನಲ್ಲಿ ಕಂದು ಕಲಕು ಕಂಡರೆ ಸಾಮಾನ್ಯವಾಗಿ ಸಲ್ಫ್ಯೂರಿಕ್ ಆಮ್ಲ ಸಾಲದೆ ಹೋಗಿದೆ ಎಂದೇ ಅರ್ಥ. ಐದು ಎಲೆಕ್ಟ್ರಾನಿನ ಲೆಕ್ಕ ಅಲ್ಲೇ ಮುರಿದುಬಿದ್ದಿರುತ್ತದೆ, ಆ ಪಾಠಾಂಕ ಉಪಯೋಗಕ್ಕೆ ಬಾರದು. ಹೈಡ್ರೋಕ್ಲೋರಿಕ್ ಆಮ್ಲವೂ ಸಲ್ಲದು. ಪರ್ಮ್ಯಾಂಗನೇಟು ಕ್ಲೋರೈಡನ್ನೇ ಉತ್ಕರ್ಷಿಸಿಬಿಡುತ್ತದೆ.

ಇಷ್ಟೊಂದು ನಿಖರವಾಗಿ ಲೆಕ್ಕ ಒಪ್ಪಿಸುವ +7, ಮ್ಯಾಂಗನೀಸಿನ ಮೇಲಿರುವ ನಿಜವಾದ ವಿದ್ಯುದಂಶವಲ್ಲ. ಬಂಧದ ಎಲೆಕ್ಟ್ರಾನುಗಳನ್ನೆಲ್ಲ ಆಕ್ಸಿಜನ್ನಿನ ಪಾಲಿಗೆ ಬರೆದಾಗ ಉಳಿಯುವ ಸಂಖ್ಯೆ ಅದು. ವಾಸ್ತವದಲ್ಲಿ ಆಕ್ಸಿಜನ್ ಅವುಗಳಲ್ಲಿ ದೊಡ್ಡ ಪಾಲನ್ನು ಲೋಹದೊಡನೆ ಹಂಚಿಕೊಂಡಿರುತ್ತದೆ. ಇದಕ್ಕೆ ಬಣ್ಣವೇ ಸಾಕ್ಷಿ. +7ರಲ್ಲಿ ಡಿ ಕಕ್ಷಕಗಳು ಖಾಲಿ. ಡಿ-ಡಿ ಜಿಗಿತಕ್ಕೆ ಎಲೆಕ್ಟ್ರಾನೇ ಇಲ್ಲ. ಆದರೂ ಗಾಢ ನೇರಳೆ ಬಣ್ಣ ಬರಲು ಕಾರಣ, ಬೆಳಕು ಹೀರಿದಾಗ ಆಕ್ಸಿಜನ್ನಿನ ಎಲೆಕ್ಟ್ರಾನು ಲೋಹದ ಆ ಖಾಲಿ ಕಕ್ಷಕಕ್ಕೆ ಸಾಗುವುದು. ಸಂಖ್ಯೆಯನ್ನು ಅಕ್ಷರಶಃ ನಂಬಿದ ವಿದ್ಯಾರ್ಥಿಗೆ ಈ ಸಾಗಾಟ ಅರ್ಥವಾಗುವುದಿಲ್ಲ.

ಎಲೆಗಳಲ್ಲಿ ನೀರನ್ನು ಒಡೆದು ಆಕ್ಸಿಜನ್ ಬಿಡಿಸುವ ಕೇಂದ್ರದಲ್ಲೂ ನಾಲ್ಕು ಮ್ಯಾಂಗನೀಸ್ ಪರಮಾಣುಗಳಿವೆ, ಜೊತೆಗೊಂದು ಕ್ಯಾಲ್ಸಿಯಂ. ಒಂದೊಂದು ಫೋಟಾನಿಗೆ ಒಂದೊಂದು ಎಲೆಕ್ಟ್ರಾನು ಬಿಟ್ಟುಕೊಡುವ ಈ ಗುಚ್ಛದ ಹಂತಗಳನ್ನು ಗುರುತಿಸಲು +3, +4 ಎಂಬ ಎಣಿಕೆ ಇಲ್ಲದೆ ಆಗದು. ಆದ್ದರಿಂದ ಈ ಸಂಖ್ಯೆಯನ್ನು ಕೈಬಿಡಬೇಕೆಂಬುದು ನನ್ನ ವಾದವಲ್ಲ. ಪರ್ಮ್ಯಾಂಗನೇಟಿನ ಪಾಠದಲ್ಲಿ ಏಳು ಧನ ವಿದ್ಯುದಂಶ ಹೊತ್ತ ಒಂಟಿ ಮ್ಯಾಂಗನೀಸ್ ಅಯಾನನ್ನು ಬೋರ್ಡಿನ ಮೇಲೆ ಬರೆಯುವುದನ್ನು ಮಾತ್ರ ಅಧ್ಯಾಪಕರು ನಿಲ್ಲಿಸಬೇಕು.