ಗಾಳಿಯನ್ನು ಸೀಳುವ ಚಕ್ರ



ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ರಸ್ತೆಯ ಬದಿಗೆ ನಿಂತು ನೋಡಿ. ಅಂಗೈ ಅಗಲದ ಕಪ್ಪು ರಿಮ್ಮಿನ ಚಕ್ರಗಳುಳ್ಳ ಸೈಕಲೊಂದು ಗುಂಯ್‌ಗುಡುತ್ತಾ ಹಾದುಹೋದೀತು. ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸಬೇಕಾದ ಟ್ರಯತ್ಲಾನ್ ಪಂದ್ಯಕ್ಕೆ ಸವಾರ ತಯಾರಿ ನಡೆಸಿರುತ್ತಾನೆ. ಅಂಥ ಒಳ್ಳೆಯ ಚಕ್ರ ಒಂದು ಜೊತೆಗೆ ಹೊಸ ಸ್ಕೂಟರಿನಷ್ಟು ಬೆಲೆ ಆಗಬಹುದು. ಇದು ಬರಿಯ ಷೋಕಿಯೇ, ಇದರಲ್ಲಿ ವಿಜ್ಞಾನವೂ ಇದೆಯೇ? ಕೊಳ್ಳುವವರು ಯಾವುದನ್ನು ಕೊಳ್ಳಬೇಕು? ಉತ್ತರ ಬೇಕಾದರೆ ಸ್ವಲ್ಪ ಚರಿತ್ರೆ ತಿಳಿಯಬೇಕು.

ಮೊದಲು ಎರಡು ಮಾತು ಭೌತಶಾಸ್ತ್ರ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ; ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹಾಯಾಗಿ ಹೋಗುವವನು 40 ಕಿ.ಮೀ. ವೇಗದಲ್ಲಿ ಏದುಸಿರು ಬಿಡುವುದು ಇದಕ್ಕೇ. ಚಕ್ರಕ್ಕಂತೂ ಇನ್ನೊಂದು ತೊಂದರೆ ಇದೆ. ಉರುಳುವ ಚಕ್ರ ನೆಲ ಮುಟ್ಟುವ ಬಿಂದು ಆ ಕ್ಷಣ ನಿಂತೇ ಇರುತ್ತದೆ; ಅದರ ನೆತ್ತಿ ಮಾತ್ರ ಸೈಕಲಿನ ಎರಡರಷ್ಟು ವೇಗದಲ್ಲಿ ಮುಂದೆ ಧಾವಿಸುತ್ತದೆ. ಎಂದರೆ 40 ಕಿ.ಮೀ. ವೇಗದ ಸೈಕಲಿನಲ್ಲಿ ಚಕ್ರದ ನೆತ್ತಿ ಗಾಳಿಯನ್ನು ಎದುರಿಸುವುದು 80 ಕಿ.ಮೀ. ವೇಗದಲ್ಲಿ. ಅಲ್ಲಿ ಒಂದೊಂದು ಕಡ್ಡಿಯೂ ಮಜ್ಜಿಗೆ ಕಡೆಯುವ ಕಡೆಗೋಲಿನಂತೆ ಗಾಳಿಯನ್ನು ಕಡೆಯುತ್ತದೆ.

ಗಾಳಿಯ ಈ ಕಾಟ ಸೈಕಲ್ ಪಂದ್ಯದವರಿಗೆ ಮೊದಲಿನಿಂದಲೂ ಗೊತ್ತಿತ್ತು. 1914ರಲ್ಲೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಗಾಳಿ ತಪ್ಪಿಸುವ ಹೊದಿಕೆಗಳನ್ನು ಪಂದ್ಯಗಳಲ್ಲಿ ನಿಷೇಧಿಸಿತು. 1933ರಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಫೋರ್ ಒರಗಿ ಕೂತು ತುಳಿಯುವ ಸೈಕಲಿನಲ್ಲಿ ಒಂದೇ ಗಂಟೆಯಲ್ಲಿ 45 ಕಿ.ಮೀ. ದಾಟಿದ. ಮರುವರ್ಷವೇ ಅಂಥ ಸೈಕಲ್‌ಗಳಿಗೂ ಬಾಗಿಲು ಮುಚ್ಚಿತು. ಸ್ಪರ್ಧೆ ಇರಬೇಕಾದ್ದು ಮನುಷ್ಯರ ನಡುವೆ, ಯಂತ್ರಗಳ ನಡುವೆ ಅಲ್ಲ ಎಂಬುದು ಒಕ್ಕೂಟದ ವಾದ.

ಈ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ನಂಟಿರುವ ಒಂದು ಅಧ್ಯಾಯ ಇದೆ. 1904ರಲ್ಲಿ ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ಒಂದು ಹೊಸ ವಿಚಾರ ಮಂಡಿಸಿದರು. ವಸ್ತುವಿನ ಮೈಗೆ ಅಂಟಿಕೊಂಡಂತೆ ಗಾಳಿಯ ತೆಳುವಾದ ಒಂದು ಪದರ ಇರುತ್ತದೆ. ಈ ಸೀಮಾಪದರ ಮೈಗೆ ಅಂಟಿಯೇ ಹರಿದರೆ ತಡೆ ಕಡಿಮೆ, ಬೇಗ ಕಿತ್ತುಕೊಂಡರೆ ಹಿಂದೆ ಸುಳಿಗಳೆದ್ದು ತಡೆ ಹೆಚ್ಚು. ಪ್ರಾಂಟ್ಲರ ಬಳಿ ಡಾಕ್ಟರೇಟ್ ಪಡೆದ ವಿ. ಎಂ. ಘಾಟಗೆ 1942ರಲ್ಲಿ ಮಲ್ಲೇಶ್ವರದ ಆಚೆಗಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎಂದರೆ ನಮ್ಮ ಹಿರಿಯರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ವಿಮಾನಶಾಸ್ತ್ರದ ವಿಭಾಗ ಆರಂಭಿಸಿದರು. 1951ರಲ್ಲಿ ಅಲ್ಲಿಗೆ ಸತೀಶ್ ಧವನ್ ಬಂದರು. ಗಾಂಧಿಬಜಾರಿನ ಆಚಾರ್ಯ ಪಾಠಶಾಲೆಯಲ್ಲಿ ಓದಿದ ಹುಡುಗ ರೊದ್ದಂ ನರಸಿಂಹ ಅವರ ಶಿಷ್ಯರಾದರು. ನಯವಾಗಿ ಹರಿಯುತ್ತಿದ್ದ ಸೀಮಾಪದರ ಕಲಕಿದ ಹರಿವಾಗಿ ಬದಲಾಗುವುದು ಹೇಗೆ ಎಂಬುದನ್ನು ಕುರಿತ ಈ ಗುರುಶಿಷ್ಯರ ಪ್ರಬಂಧ 1958ರಲ್ಲಿ ಪ್ರಕಟವಾಯಿತು. ಅದನ್ನು ಜಗತ್ತಿನ ವಿಜ್ಞಾನಿಗಳು ಇಂದಿಗೂ ನೆನೆಯುತ್ತಾರೆ. ಅವರ ಅಧ್ಯಯನ ಸೈಕಲ್ ಚಕ್ರವನ್ನು ಕುರಿತದ್ದಲ್ಲ, ನಿಜ. ಆದರೆ ರಿಮ್ಮಿನ ಮೇಲೆ ಹರಿಯುವ ಗಾಳಿ ಎಲ್ಲಿ ಕಲಕುತ್ತದೆ, ಎಲ್ಲಿ ಕಿತ್ತುಕೊಳ್ಳುತ್ತದೆ ಎಂಬ ಪ್ರಶ್ನೆಯೂ ಇದೇ ಶಾಸ್ತ್ರಕ್ಕೆ ಸೇರಿದ್ದು.

ವಿಮಾನದ ಈ ವಿದ್ಯೆ ಸೈಕಲಿಗೆ ಇಳಿದದ್ದು 1980ರ ದಶಕದಲ್ಲಿ. 1984ರ ಜನವರಿಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಮೋಸರ್ ಮೆಕ್ಸಿಕೊ ನಗರದಲ್ಲಿ ಕಡ್ಡಿಗಳೇ ಕಾಣದ ತಟ್ಟೆಯಂಥ ಡಿಸ್ಕ್ ಚಕ್ರಗಳ ಮೇಲೆ ಒಂದು ಗಂಟೆಯಲ್ಲಿ 51.151 ಕಿ.ಮೀ. ಕ್ರಮಿಸಿದ. 1972ರಲ್ಲಿ ಅದೇ ಊರಿನಲ್ಲಿ ಎಡ್ಡಿ ಮೆರ್ಕ್ಸ್ ಸಾಮಾನ್ಯ ಚಕ್ರಗಳಲ್ಲಿ ಮುಟ್ಟಿದ್ದು 49.431 ಕಿ.ಮೀ. ಅದೇ ಕಾಲಕ್ಕೆ ಅಮೆರಿಕದ ಸ್ಟೀವ್ ಹೆಡ್ ಟ್ರಯತ್ಲಾನ್ ಸ್ಪರ್ಧಿಗಳಿಗಾಗಿ ಡಿಸ್ಕ್ ಚಕ್ರ ತಯಾರಿಸತೊಡಗಿದರು. ಟ್ರಯತ್ಲಾನ್ 1974ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ ಎಳೆಯ ಕ್ರೀಡೆ. ಹಳೆಯ ನಿಯಮಗಳ ಹಂಗು ಅದಕ್ಕೆ ಅಷ್ಟಾಗಿ ಇರಲಿಲ್ಲ. ಅದರ ದೂರದ ಪಂದ್ಯಗಳಲ್ಲಿ ಇನ್ನೊಬ್ಬನ ಬೆನ್ನ ಮರೆಯಲ್ಲಿ ಸಾಗುವಂತಿಲ್ಲ; ಪ್ರತಿಯೊಬ್ಬನೂ ಒಬ್ಬಂಟಿಯಾಗಿ ಗಾಳಿಯನ್ನು ಎದುರಿಸಬೇಕು. ಹೊಸ ಚಕ್ರಗಳು ಅಲ್ಲಿ ಬೇಗ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ.

ಮೊದಮೊದಲು ರಿಮ್ಮುಗಳನ್ನು ಚೂರಿಯ ಅಲಗಿನಂತೆ ಚೂಪಾಗಿ ಮಾಡುತ್ತಿದ್ದರು. ಗಾಳಿ ನೇರ ಎದುರಿನಿಂದ ಬಂದರೆ ಅದು ಸರಿ. ಆದರೆ ಬಯಲಿನ ಗಾಳಿ ಓರೆಯಾಗಿ ಬೀಸುವುದೇ ಹೆಚ್ಚು. ಆಗ ಚೂಪು ಅಂಚಿನಲ್ಲಿ ಸೀಮಾಪದರ ತಟ್ಟನೆ ಕಿತ್ತುಕೊಳ್ಳುತ್ತದೆ. ಹೆಡ್ ಮತ್ತು ಅವರ ಸಂಗಡಿಗರು ರಿಮ್ಮಿನ ಹೊಟ್ಟೆಯನ್ನು ಉಬ್ಬಿಸಿ ಒಳ ಅಂಚನ್ನು ದುಂಡಗೆ ಮಾಡಿದರು. ಚಕ್ರದ ಹಿಂಭಾಗಕ್ಕೆ ಗಾಳಿ ತಗಲುವುದು ಒಳ ಅಂಚಿನ ಕಡೆಯಿಂದಲ್ಲವೇ? ಇಂದಿನ ಒಳ್ಳೆಯ ಚಕ್ರಗಳೆಲ್ಲ ಹೆಚ್ಚು ಕಡಿಮೆ ಈ ಉಬ್ಬು ಹೊಟ್ಟೆಯವೇ.

ಹಾಗಾದರೆ ಆರಿಸುವುದು ಹೇಗೆ? ಹಿಂದಿನ ಚಕ್ರದ ಮೇಲೆ ಸವಾರನ ಭಾರ ಹೆಚ್ಚು, ಅದು ಹ್ಯಾಂಡಲ್ಲಿನೊಡನೆ ತಿರುಗುವುದೂ ಇಲ್ಲ. ಡಿಸ್ಕ್ ಆದರೂ ನಡೆದೀತು. ಮುಂದಿನ ಚಕ್ರಕ್ಕೆ ಅಡ್ಡಗಾಳಿ ಹೊಡೆದರೆ ಹ್ಯಾಂಡಲ್ಲೇ ತಿರುಗಿ ಸವಾರ ಉರುಳಬಹುದು. ಆದ್ದರಿಂದ ಮುಂದೆ ಯಾವಾಗಲೂ ಎತ್ತರ ಕಡಿಮೆಯ ರಿಮ್ಮು. ಹಗುರ ಮೈಯವರಿಗೆ, ಹೊಸಬರಿಗೆ 40ರಿಂದ 50 ಮಿ.ಮೀ. ಸಾಕು, 80 ಮಿ.ಮೀ. ರಿಮ್ಮು ಪಳಗಿದ ಕೈಗೆ. ಬಿರುಗಾಳಿಗೆ ಹೆಸರಾದ ಹವಾಯಿ ದ್ವೀಪದ ಪಂದ್ಯದಲ್ಲಿ ಬಹುಕಾಲ ಡಿಸ್ಕ್ ಚಕ್ರಕ್ಕೆ ಅವಕಾಶವೇ ಇರಲಿಲ್ಲ. ಇನ್ನು ರಿಮ್ಮು ಟೈರಿಗಿಂತ ತುಸು ಅಗಲ, ಶೇಕಡಾ 5ರಷ್ಟಾದರೂ, ಇರಬೇಕು. ಟೈರು ಉಬ್ಬಿ ನಿಂತರೆ ರಿಮ್ಮಿನ ಆಕಾರ ಇದ್ದೂ ವ್ಯರ್ಥ.

ಬೆಂಗಳೂರಿನವರು ನೆನಪಿಡಬೇಕಾದ್ದು ಇನ್ನೊಂದಿದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಸುಮಾರು ಹತ್ತನೆಯ ಒಂದು ಪಾಲು ತೆಳು. 2019ರಲ್ಲಿ ಮೊದಲ ಬಾರಿಗೆ ಗೋವಾದಲ್ಲಿ ನಡೆದ 70.3 ಐರನ್‌ಮ್ಯಾನ್‌ನಂಥ ಪಂದ್ಯಕ್ಕೆ ಇಲ್ಲಿ ತಯಾರಾಗಿ ಇಳಿದವರಿಗೆ ಅಲ್ಲಿ ಗಾಳಿ ಹೆಚ್ಚು ದಪ್ಪ. ಮೋಸರ್ 2,200 ಮೀಟರಿಗೂ ಎತ್ತರದ ಮೆಕ್ಸಿಕೊ ನಗರವನ್ನೇ ಆರಿಸಿದ್ದು ಸುಮ್ಮನೆ ಅಲ್ಲ.

ಈಗ ಲಾಭದ ಲೆಕ್ಕ. ಗಾಳಿ ತಡೆಯಲ್ಲಿ ಮುಕ್ಕಾಲು ಪಾಲು ಸವಾರನ ಮೈಯದು. ಚಕ್ರಗಳದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಹೊಸ ಚಕ್ರದಿಂದ ಒಟ್ಟು ತಡೆ ಶೇಕಡಾ 3 ಇಳಿಯಿತು ಎಂದಿಟ್ಟುಕೊಳ್ಳಿ. ಶಕ್ತಿಗೂ ವೇಗಕ್ಕೂ ಇರುವುದು ಘನದ ಸಂಬಂಧ. ಆದ್ದರಿಂದ ವೇಗ ಏರುವುದು ಹೆಚ್ಚೆಂದರೆ ಶೇಕಡಾ 1. 90 ಕಿ.ಮೀ. ದೂರವನ್ನು 3 ಗಂಟೆಯಲ್ಲಿ ತುಳಿಯುವವನಿಗೆ ಉಳಿಯುವುದು ಎರಡು ನಿಮಿಷಕ್ಕೂ ಕಡಿಮೆ. ಗೆಲ್ಲುವ ಮಟ್ಟದವನಿಗೆ ಅದು ಬಹಳ. ಮೊದಲ ಪಂದ್ಯದವನಿಗೆ ಏನೂ ಅಲ್ಲ.

1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ಇದಕ್ಕೆ ಸಾಕ್ಷಿ. ಉಳಿದದ್ದು 24.5 ಕಿ.ಮೀ.; ಲೊರಾನ್ ಫಿನ್ಯೋಂ 50 ಸೆಕೆಂಡ್ ಮುಂದಿದ್ದ. ಅವನ ಎರಡೂ ಚಕ್ರ ಡಿಸ್ಕ್. ಗ್ರೆಗ್ ಲೆಮಾಂಡ್‌ಗೆ ಹಿಂದೆ ಮಾತ್ರ ಡಿಸ್ಕ್. ಆದರೆ ಟ್ರಯತ್ಲಾನಿನವರಿಂದ ಕಲಿತ ಚಾಚು ಹ್ಯಾಂಡಲ್ಲು ಹಿಡಿದು, ಗಾಳಿ ಜಾರುವ ಹೆಲ್ಮೆಟ್ ತೊಟ್ಟು, ಮೈ ತಗ್ಗಿಸಿದ್ದ. ಬರಿದಲೆಯ ಫಿನ್ಯೋಂ ಇಡೀ ಟೂರನ್ನು 8 ಸೆಕೆಂಡಿನಲ್ಲಿ ಕಳೆದುಕೊಂಡ.

ಸ್ಪರ್ಧೆ ಮನುಷ್ಯರದೋ ಯಂತ್ರಗಳದೋ ಎಂಬ ಹಳೆಯ ಪ್ರಶ್ನೆ ಮಾತ್ರ ತೀರಲಿಲ್ಲ. 2000ದಲ್ಲಿ ಒಕ್ಕೂಟ ಮೋಸರ್‌ನ ಸಾಧನೆಯನ್ನು ಬೇರೆ ಪಟ್ಟಿಗೆ ತಳ್ಳಿ ಮೆರ್ಕ್ಸ್ ಮಾದರಿಯ ಸೈಕಲ್ಲಿಗೆ ಮರಳಿತು. 2014ರಲ್ಲಿ ಮತ್ತೆ ಹೊಸ ಚಕ್ರಗಳಿಗೆ ಒಪ್ಪಿತು. ನೀವು ಯಾರ ಪಕ್ಷ? ಚರ್ಚಾಕೂಟಕ್ಕೆ ಒಳ್ಳೆಯ ವಿಷಯ.

ಚರ್ಚೆಗೆ ಮೊದಲು ಒಂದು ಪ್ರಯೋಗ ಮಾಡಿ. ಗಾಳಿಯಿಲ್ಲದ ಬೆಳಗ್ಗೆ, ವಾಹನಗಳಿಲ್ಲದ ಸಣ್ಣ ಇಳಿಜಾರಿನಲ್ಲಿ, ಹೆಲ್ಮೆಟ್ ತೊಟ್ಟು, ಪೆಡಲ್ ತುಳಿಯದೆ ಸೈಕಲ್ ಬಿಡಿ. ಒಮ್ಮೆ ನೆಟ್ಟಗೆ ಕೂತು, ಒಮ್ಮೆ ಬಾಗಿ. ಆದರೆ ಕಣ್ಣು ಮುಂದೆಯೇ ಇರಲಿ. ಸೈಕಲ್ ನಿಂತ ಎರಡು ಜಾಗಕ್ಕೂ ಸೀಮೆಸುಣ್ಣದ ಗುರುತು ಹಾಕಿ ನಡುವಿನ ದೂರ ಅಳೆಯಿರಿ. ಒಂದು ಪೈಸೆ ಖರ್ಚಿಲ್ಲದೆ ನೀವು ಗಳಿಸಿದ ದೂರ ಅದು. ಚಕ್ರದ ಅಂಗಡಿಗೆ ಹೋಗುವುದು ಅದಾದ ಮೇಲೆ.