ಒಣದ್ರಾಕ್ಷಿ ಬ್ರೆಡ್ಡಿನ ಯಂತ್ರ ಹುಟ್ಟಿದ ಕಥೆ



ಗಲ್ಫಿನಿಂದ ರಜೆಗೆ ಬರುವವರ ಸಾಮಾನಿನ ಜೊತೆ ನಮ್ಮ ಚರ್ಚಿನ ಕೆಲವು ಮನೆಗಳಿಗೆ ಬ್ರೆಡ್ ಮಾಡುವ ಪುಟ್ಟ ಯಂತ್ರವೂ ಬಂದಿದೆ. ನೀರು, ಮೈದಾ, ಉಪ್ಪು, ಸಕ್ಕರೆ, ಬೆಣ್ಣೆ, ಯೀಸ್ಟ್ ಹಾಕಿ ಗುಂಡಿ ಒತ್ತಿದರೆ ಮೂರು ನಾಲ್ಕು ಗಂಟೆಯಲ್ಲಿ ಬ್ರೆಡ್ ತಯಾರು. ನಡುವೆ ಒಮ್ಮೆ ಮಾತ್ರ ಅದು ಬೀಪ್ ಬೀಪ್ ಎಂದು ಕೂಗುತ್ತದೆ. ಈಗ ಒಣದ್ರಾಕ್ಷಿ ಹಾಕಿ ಎಂದು ಅದರ ಅರ್ಥ. ಎಲ್ಲವನ್ನೂ ತಾನೇ ಮಾಡುವ ಯಂತ್ರ ನಮ್ಮನ್ನು ಯಾಕೆ ಕರೆಯಬೇಕು? ಕೈಯ ಕೆಲಸದಲ್ಲಿ ಎಷ್ಟನ್ನು ಯಂತ್ರಕ್ಕೆ ಒಪ್ಪಿಸಬಹುದು ಎಂಬ ಬಗ್ಗೆ ವಿದ್ವಾಂಸರೇ ವಾದ ಮಾಡಿದ್ದಾರೆ, ಅದೂ ಇದೇ ಯಂತ್ರವನ್ನು ಮುಂದಿಟ್ಟುಕೊಂಡು.

ಯಂತ್ರ ಬಂದದ್ದು ಅನ್ನ ಉಣ್ಣುವ ದೇಶದಿಂದ, ಜಪಾನಿನಿಂದ. ಅಲ್ಲಿಗೆ ಬ್ರೆಡ್ ತಂದವರು 16ನೇ ಶತಮಾನದ ಪೋರ್ಚುಗೀಸರು. ಜಪಾನೀಯರು ಬ್ರೆಡ್ಡಿಗೆ ಇಂದಿಗೂ 'ಪಾನ್' ಎನ್ನುತ್ತಾರೆ. ಗೋವಾದ 'ಪಾವ್' ಕೂಡ ಅದೇ ಪೋರ್ಚುಗೀಸ್ ಪದದಿಂದ ಬಂದದ್ದು. ಸಂತ ಫ್ರಾನ್ಸಿಸ್ ಕ್ಸೇವಿಯರ್ ಗೋವಾದಿಂದ ಹೊರಟು 1549ರ ಆಗಸ್ಟ್ 15ರಂದು ಜಪಾನಿನ ಕಾಗೊಶಿಮಾದಲ್ಲಿ ಇಳಿದದ್ದೂ ಆ ಕಾಲದಲ್ಲೇ.

ಈಗ ಪ್ಯಾನಸೋನಿಕ್ ಎಂದು ಕರೆಯುವ ಕಂಪನಿಗೆ ಆಗ ಮತ್ಸುಶಿತ ಎಂಬ ಹೆಸರಿತ್ತು. 1980ರ ದಶಕದಲ್ಲಿ ಅದರ ಅಡುಗೆಮನೆ ಸಾಮಾನಿನ ವ್ಯಾಪಾರ ಮಂದವಾಗಿತ್ತು. 1984ರಲ್ಲಿ ಅದು ರೈಸ್ ಕುಕ್ಕರಿನ ವಿಭಾಗ, ಟೋಸ್ಟರ್‌ನಂಥ ಬಿಸಿ ಮಾಡುವ ಸಾಮಾನಿನ ವಿಭಾಗ, ಮಿಕ್ಸಿಯಂಥ ತಿರುಗುವ ಯಂತ್ರಗಳ ವಿಭಾಗ, ಈ ಮೂರನ್ನೂ ಒಂದುಗೂಡಿಸಿತು. ತಿರುಗಿಸಿ ನಾದುವುದು, ಬಿಸಿ ಮಾಡಿ ಬೇಯಿಸುವುದು, ಹೊತ್ತು ನೋಡಿ ನಡೆಸುವುದು. ಮೂರೂ ಸೇರಿದರೆ ಬ್ರೆಡ್ ಯಂತ್ರವೇ ಆಗುತ್ತದಲ್ಲ!

ಆದರೆ ಮೊದಲ ಮಾದರಿಯಲ್ಲಿ ಬ್ರೆಡ್ಡಿನ ಹೊರಗು ಹೆಚ್ಚು ಬೆಂದು ಒಳಗು ಹಸಿಯಾಗಿಯೇ ಉಳಿಯಿತು. ಯಂತ್ರ ನಾದಿದ ಹಿಟ್ಟನ್ನೂ ಕೈಯಲ್ಲಿ ನಾದಿದ ಹಿಟ್ಟನ್ನೂ ಎಕ್ಸ್‌ರೇ ತೆಗೆದು ಹೋಲಿಸಿದರೂ ಪ್ರಯೋಜನವಾಗಲಿಲ್ಲ. ಆಗ ಮುಂದೆ ಬಂದವರು ಇಕುಕೊ ತನಾಕಾ. ಅವರ ಕೆಲಸ ಸಾಫ್ಟ್‌ವೇರ್ ಬರೆಯುವುದು. ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಬ್ರೆಡ್ಡಿಗೆ ಊರಲ್ಲಿ ಒಳ್ಳೆಯ ಹೆಸರಿತ್ತು. ಅವರು ಅಲ್ಲಿನ ಮುಖ್ಯ ಬೇಕರಿಯವನ ಬಳಿ ಹೋಗಿ, ಪಕ್ಕದಲ್ಲೇ ನಿಂತು ಹಿಟ್ಟು ನಾದಲು ಕಲಿತರು. ನಾದುವಾಗ ಆತ ಹಿಟ್ಟನ್ನು ಎಳೆಯುವುದಷ್ಟೇ ಅಲ್ಲ, ತಿರುಚುತ್ತಲೂ ಇದ್ದಾನೆ ಎಂಬುದು ಅವರ ಕಣ್ಣಿಗೆ ಬಿತ್ತು. ಆತ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಬಹುಶಃ ಆತನಿಗೂ ಅದು ಹೇಳುವಂಥ ವಿಷಯ ಅನಿಸಿರಲಿಕ್ಕಿಲ್ಲ. ಇಂಜಿನಿಯರುಗಳು ಪಾತ್ರೆಯ ಒಳಗೋಡೆಗೆ ಉಬ್ಬುಗೆರೆಗಳನ್ನು ಇಟ್ಟರು. ರೆಕ್ಕೆ ತಿರುಗುವಾಗ ಹಿಟ್ಟು ಅಲ್ಲಿ ಸಿಕ್ಕಿ ಹಿಗ್ಗುತ್ತದೆ. ಬಿಸಿ ಹೆಚ್ಚಾದರೆ ಹಿಟ್ಟು ಬೇಗ ಹುಳಿಯುತ್ತದೆಂದು ಯೀಸ್ಟನ್ನು ತಡವಾಗಿ ಬೆರೆಸುವ ಹಳೆಯ ಪದ್ಧತಿಯನ್ನೂ ತಂದರು.

1987ರಲ್ಲಿ 36,000 ಯೆನ್ ಬೆಲೆಗೆ 'ಹೋಂ ಬೇಕರಿ' ಮಾರುಕಟ್ಟೆಗೆ ಬಂತು. ಮೊದಲ ವರ್ಷವೇ 5,36,000 ಯಂತ್ರಗಳು ಮಾರಾಟವಾದವು. 1991ರಲ್ಲಿ ಇಕುಜಿರೊ ನೊನಾಕ ಎಂಬ ವಿದ್ವಾಂಸರು ಇದನ್ನೇ ಉದಾಹರಣೆಯಾಗಿ ಕೊಟ್ಟು ಪ್ರಸಿದ್ಧ ಲೇಖನ ಬರೆದರು. ಕೈಯಲ್ಲಿ ಅಡಗಿದ ಜ್ಞಾನವನ್ನು ಮಾತಿಗೆ ತಂದು ಯಂತ್ರದೊಳಗೆ ಇಡಬಹುದು ಎಂಬುದು ಅವರ ಮಾತು. ಮ್ಯಾನೇಜ್‌ಮೆಂಟ್ ಓದುವವರಿಗೆ ಈ ಕಥೆಯನ್ನು ಈಗಲೂ ಹೇಳುತ್ತಾರೆ.

2007ರಲ್ಲಿ ರೊಡ್ರಿಗೊ ರಿಬೈರೊ ಮತ್ತು ಹ್ಯಾರಿ ಕಾಲಿನ್ಸ್ ಇದನ್ನು ಒಪ್ಪಲಿಲ್ಲ. ಬೇಕರಿಯವನ ಜ್ಞಾನ ಯಂತ್ರದೊಳಗೆ ಹೋಗಿಲ್ಲ, ಯಂತ್ರ ಬೇರೆಯೇ ಕೆಲಸ ಮಾಡುತ್ತದೆ ಎಂದರು. ಬೇಕರಿಯವನು ಹಿಟ್ಟು ಮುಟ್ಟಿ ನೋಡಿ ಇಂದು ನೀರು ಸ್ವಲ್ಪ ಕಡಿಮೆ ಸಾಕು ಅನ್ನುತ್ತಾನೆ. ಯಂತ್ರಕ್ಕೆ ಆ ವಿಚಾರವೇ ಇಲ್ಲ. ಉಳಿದದ್ದನ್ನು ತುಂಬಿಕೊಡುವವರು ನಾವು, ಅದನ್ನು ಬಳಸುವವರು. ನಮಗೆ ಈ ಎರಡನೇ ಮಾತೇ ಸರಿ ಅನಿಸುತ್ತದೆ. ಆದರೆ ತನಾಕಾ ಆ ಹೋಟೆಲಿಗೆ ಹೋಗಿ ಕಲಿತದ್ದು ಇದರಿಂದ ಸಣ್ಣದಾಗುವುದಿಲ್ಲ.

ನಮ್ಮ ಮನೆಗಳ ಸಾನ್ನವನ್ನೇ ನೋಡಿ. ಶೇಂದಿ ಹಾಕಿದ ಹಿಟ್ಟು ಎಷ್ಟು ಉಬ್ಬಿದಾಗ ಬೇಯಿಸಲು ಇಡಬೇಕು ಎಂದು ಕೇಳಿದರೆ ಅಜ್ಜಿಯಂದಿರು "ನೋಡಿದರೆ ಗೊತ್ತಾಗುತ್ತದೆ ಮಗಾ" ಅನ್ನುತ್ತಾರೆ. ಶೇಂದಿಯಲ್ಲಿ ಇರುವುದೂ ಯೀಸ್ಟೇ. ಆ ನೋಟವನ್ನು ಬರೆದಿಟ್ಟ ಪುಸ್ತಕ ನಮ್ಮ ಕಣ್ಣಿಗೆ ಬಿದ್ದಿಲ್ಲ. ಅದನ್ನು ಬಲ್ಲ ಅಜ್ಜಿಯಂದಿರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಇನ್ನು ಒಣದ್ರಾಕ್ಷಿ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಮೊದಲೇ ಹಾಕಿದರೆ ರೆಕ್ಕೆ ಅದನ್ನು ಅರೆದುಬಿಡುತ್ತದೆ. ಸಕ್ಕರೆ ಹಿಟ್ಟಿಗೆ ಬೆರೆತು ಯೀಸ್ಟಿನ ಕಣಗಳಿಂದ ನೀರನ್ನು ಎಳೆಯುತ್ತದೆ, ಬ್ರೆಡ್ ಸರಿಯಾಗಿ ಉಬ್ಬುವುದಿಲ್ಲ, ಹೊರಗೆ ಬೇಗ ಕಪ್ಪಾಗುತ್ತದೆ. ಅದಕ್ಕೇ ನಾದುವುದು ಮುಗಿಯುವ ಹೊತ್ತಿಗೆ ಆ ಬೀಪ್. ನಂತರದ ಕೆಲವು ಮಾದರಿಗಳಲ್ಲಿ ದ್ರಾಕ್ಷಿಗೂ ಒಂದು ಪೆಟ್ಟಿಗೆ ಇಟ್ಟು, ಹೊತ್ತಾದಾಗ ತಾನೇ ಬೀಳುವಂತೆ ಮಾಡಿದರು. ಆದರೂ ಅಂಟಿಕೊಂಡ ದ್ರಾಕ್ಷಿಯನ್ನು ಬಿಡಿಸಿ ಆ ಪೆಟ್ಟಿಗೆಗೆ ತುಂಬುವುದು ನಮ್ಮ ಕೆಲಸವೇ.

ಮನೆಯಲ್ಲಿ ಮಾಡುವವರಿಗೆ: 400 ಗ್ರಾಂ ಮೈದಾಕ್ಕೆ 75ರಿಂದ 100 ಗ್ರಾಂ ಒಣದ್ರಾಕ್ಷಿ ಸಾಕು. ತೊಳೆದರೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಒಂದು ಚಮಚ ಮೈದಾದಲ್ಲಿ ಹೊರಳಿಸಿ. ದಾಲ್ಚಿನ್ನಿ ಪುಡಿ ಹಾಕುವುದಾದರೆ ಸ್ವಲ್ಪವೇ ಹಾಕಿ, ಹೆಚ್ಚಾದರೆ ಅದೂ ಯೀಸ್ಟನ್ನು ತಡೆಯುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮೈದಾ ಗಾಳಿಯ ತೇವವನ್ನು ಎಳೆದುಕೊಂಡಿರುತ್ತದೆ. ಪುಸ್ತಕದಲ್ಲಿ ಹೇಳಿದ ನೀರಿನಲ್ಲಿ ಎರಡು ಚಮಚ ಹಿಡಿದಿಟ್ಟುಕೊಂಡು ಶುರು ಮಾಡಿ. ಐದು ನಿಮಿಷ ನಾದಿದ ಮೇಲೆ ಮುಚ್ಚಳ ತೆರೆದು ನೋಡಿ. ಹಿಟ್ಟು ಗೋಡೆ ಬಿಟ್ಟು ಉಂಡೆಯಾಗಿರಬೇಕು, ಬೆರಳಿಗೆ ಮೆತ್ತಗಿರಬೇಕು. ಒಣಗಿದಂತಿದ್ದರೆ ಆ ನೀರನ್ನು ಚಮಚ ಚಮಚವಾಗಿ ಸೇರಿಸಿ. ಮತ್ತೆ ಮುಚ್ಚಿ, ಬೀಪ್ ಬರುವವರೆಗೆ ಕಾಯಿರಿ.